ಹೆದೆ ಬಿಚ್ಚದ ಬಿಲ್ಲು

ಸಂಡೂರಿನ ಮೈದಾನದಲ್ಲಿ ನಮಗೆ ಬಿಲ್ಲುವಿದ್ಯೆ ಕಲಿಸುತ್ತಿದ್ದ ಮಾಸ್ತರು ಗುರಿ ತಪ್ಪಿದರೆ ಬೈಯುತ್ತಿರಲಿಲ್ಲ. ಹೆದೆ ಬಿಚ್ಚದೆ ಹೊರಟರೆ ಮಾತ್ರ ಗೇಟಿನಿಂದ ವಾಪಸ್ ಕರೆಸುತ್ತಿದ್ದರು. "ಹೆದಿ ಬಿಚ್ಚಿ ಮನಿಗೆ ಹೋಗ್ರಲೇ. ಬಿಲ್ಲಿಗೂ ಬೆನ್ನೈತಿ."

ಬಿದಿರಿನ ಬಿಲ್ಲಿನ ಎರಡು ತುದಿಗೂ ಇನ್ನೊಂದು ಹಗ್ಗ ಸಿಕ್ಕಿಸಿ, ಅದನ್ನು ಕಾಲಿನಿಂದ ತುಳಿದು, ಬಿಲ್ಲಿನ ನಡುವನ್ನು ಮೇಲೆತ್ತಬೇಕು. ಬಿಲ್ಲು ಬಾಗಿ ಹೆದೆ ಸಡಿಲಾದಾಗ ಕುಣಿಕೆಯನ್ನು ಜಾರಿಸಬೇಕು. ಮುಖವನ್ನು ಬಿಲ್ಲಿನ ತುದಿಯಿಂದ ದೂರ ಇಟ್ಟುಕೊಳ್ಳಬೇಕು. ಯಾಕೆಂದು ಕೇಳಿದರೆ ತಮ್ಮ ಹುಬ್ಬಿನ ಮೇಲಿನ ಹಳೆಯ ಗಾಯವನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು.

ಅವರಿಗೆ ಲಕ್ವಾ ಹೊಡೆದ ಸುದ್ದಿ ನನಗೆ ವರ್ಷ ಕಳೆದ ಮೇಲೆ ತಿಳಿಯಿತು. ಹೊಸಪೇಟೆಯಿಂದ ಬಸ್ಸು ಹತ್ತಿ ಹೋದೆ. ಮಾಸ್ತರ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾತು ಈಗೀಗ ಮರಳುತ್ತಿತ್ತು. ಗೋಡೆಯ ಮೊಳೆಯಲ್ಲಿ ಅವರ ಬಿಲ್ಲು ಹೆದೆ ಏರಿಸಿದ ಹಾಗೆಯೇ ನೇತಾಡುತ್ತಿತ್ತು.

"ಇವ್ರು ಮೈದಾನದಾಗ ಬಿದ್ದ ದಿನ ಹೆಂಗಿತ್ತೋ ಹಂಗ ಇಟ್ಟೀನವ್ವ," ಎಂದರು ಅವರ ಹೆಂಡತಿ, ಹೆಮ್ಮೆಯಿಂದ. "ಆಯುಧ ಪೂಜಿಗೆ ಕುಂಕುಮ ಹಚ್ಚೀನಿ. ಹೆದಿ ಮಾತ್ರ ಯಾರಿಗೂ ಮುಟ್ಟಾಕ ಬಿಟ್ಟಿಲ್ಲ."

ಅವರು ಚಹಾ ಮಾಡಲು ಒಳಗೆ ಹೋದರು. ಮಾಸ್ತರು ಎಡಗೈಯಿಂದ ಬಿಲ್ಲನ್ನು ತೋರಿಸಿದರು. "ಬಿಚ್ಚವ್ವ."

ಅದೇ ಮೊಳೆಯಲ್ಲಿದ್ದ ಹಗ್ಗ ತೆಗೆದುಕೊಂಡು, ಅವರು ಕಲಿಸಿದ ಹಾಗೆ ಬಿಚ್ಚಿದೆ. ಹೆದೆ ಕೈಗೆ ಬಂತು. ಬಿದಿರು ನೆಟ್ಟಗಾಗಲಿಲ್ಲ, ಬಾಗಿದ್ದು ಬಾಗಿಯೇ ಉಳಿಯಿತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಒಳಗೆ ಲೋಟಗಳ ಸದ್ದಾಯಿತು.

"ಜಲ್ದಿ ಹೆದಿ ಏರಿಸಿಬಿಡವ್ವ," ಎಂದರು. "ಆಕಿ ನೋಡೂದು ಬ್ಯಾಡ."