ಇನ್ವರ್ಟರ್‌ಗೆ ಗಾಳಿ ಬೀಸುತ್ತಿದ್ದ ತಾತ

ನಮ್ಮ ಮನೆ ಓನರ್ ತಾತನ ಅಂಗೈ ಹಾಲು ಕರೆದು ಕರೆದು ಜಡ್ಡುಗಟ್ಟಿತ್ತು. ಅದಕ್ಕೆ ಬಿಸಿ ತಿಳಿಯುತ್ತಿರಲಿಲ್ಲ. ಹಾಗಾಗಿ ಬೆರಳು ಮಡಚಿ, ಕೈಯ ಹಿಂಬದಿಯನ್ನು ತಾಗಿಸಿ ನೋಡುತ್ತಿದ್ದರು. ಹಸು ಮಾರಿ, ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ನಾನು ನಗರದಂಚಿನ ಕೋಗಿಲಿನ ಆ ಮನೆಗೆ ಬಾಡಿಗೆಗೆ ಬಂದಾಗ ಆ ಕೈ ಎರಡು ಕಡೆ ತಾಗುತ್ತಿತ್ತು: ಅಜ್ಜಿಯ ಹಣೆಗೆ, ಮಹಡಿ ಮೇಲಿನ ಸೋಲಾರ್ ಇನ್ವರ್ಟರ್‌ಗೆ.

ಅಜ್ಜಿಗೆ ಶ್ವಾಸಕೋಶದ ಕಾಯಿಲೆ. ಆಕ್ಸಿಜನ್ ಯಂತ್ರ ಸದಾ ಓಡಬೇಕು. ಕರೆಂಟ್ ಹೋದಾಗ ಅದನ್ನು ನಡೆಸುತ್ತಿದ್ದದ್ದು ಆ ಇನ್ವರ್ಟರ್. ದಿನದ ಸೆಕೆ, ಸೋಲಾರ್ ಯೂನಿಟ್ಟು ಎಲ್ಲ ಬರೆದಿಡುವ ನನ್ನ ಡೈರಿ ಕಂಡರೆ ತಾತನಿಗೆ ನಗು. ಸೆಕೆ ಏರಿದ ದಿನ ಯೂನಿಟ್ಟು ಇಳಿದಿದೆ ಎಂದಾಗ ಮಾತ್ರ ನಗಲಿಲ್ಲ.

"ಬಿಸ್ಲು ಜಾಸ್ತಿ ಆದ್ರೆ ಜಾಸ್ತಿ ಬರ್ಬೇಕಲ್ಲಮ್ಮ?"

"ಇನ್ವರ್ಟರ್ ಕಾದ್ರೆ ತನ್ನನ್ನ ಉಳಿಸ್ಕೊಳ್ಳೋಕೆ ಕೆಲ್ಸ ಕಮ್ಮಿ ಮಾಡುತ್ತೆ ತಾತ. ಇನ್ನೂ ಕಾದ್ರೆ ನಿಂತೇ ಹೋಗುತ್ತೆ."

ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ, ಹಿಂದೆ ಹಾಲಿನ ಕ್ಯಾನಿಗೆ ಸುತ್ತುತ್ತಿದ್ದಂತೆ, ತಾತ ಇನ್ವರ್ಟರ್‌ಗೆ ಒದ್ದೆ ಗೋಣಿಚೀಲ ಹೊದಿಸಿದರು. ಬಿಸಿ ಹೊರಹೋಗುವ ದಾರಿಯೇ ಮುಚ್ಚಿತು. ಮಧ್ಯಾಹ್ನ ಕರೆಂಟ್ ಹೋಯಿತು, ಹಿಂದೆಯೇ ಇನ್ವರ್ಟರೂ ನಿಂತಿತು. ಮೂಲೆಯಲ್ಲಿದ್ದ ಆಕ್ಸಿಜನ್ ಸಿಲಿಂಡರ್ ಜೋಡಿಸುವಷ್ಟರಲ್ಲಿ ಅಜ್ಜಿಯ ತುಟಿ ನೀಲಿಯಾಗಿತ್ತಂತೆ.

ಸಂಜೆ ತಾತ ಮೆಟ್ಟಿಲ ಮೇಲೆ ಕೂತಿದ್ದರು. "ತಂಪಾಗ್ಲಿ ಅಂತ ಗೋಣಿ ಒದಿಸ್ದೆ ಕಣಮ್ಮ. ನಾನೇ ಅವ್ಳ ಉಸ್ರು ಕಟ್ಟಿಸ್ದೆ."

ಗೋಣಿ ಹೋಯಿತು. ಸುತ್ತ ಗಾಳಿಯಾಡುವಂತೆ ಎತ್ತರಕ್ಕೆ ತೆಂಗಿನ ಗರಿಯ ಚಪ್ಪರ ಬಂತು. ಅಷ್ಟು ಸಾಕಿತ್ತು. ಆದರೂ ಮಧ್ಯಾಹ್ನವೆಲ್ಲ ತಾತ ಇನ್ವರ್ಟರ್ ಮುಂದೆ ಸ್ಟೂಲ್ ಹಾಕಿಕೊಂಡು ಬೀಸಣಿಗೆಯಿಂದ ಗಾಳಿ ಬೀಸುತ್ತಿದ್ದರು.

"ಒಂದು ಟೇಬಲ್ ಫ್ಯಾನ್ ಇಡಿ ತಾತ."

"ಅದ್ರ ಕರೆಂಟು ಅದಕ್ಕೇ ತಿನ್ಸಾದಾ? ಓಗಮ್ಮ ಓಗು."

ಕೆಳಗೆ ಬಂದು ಹೇಳಿದರೆ ಅಜ್ಜಿ ಉಸಿರು ಕೂಡಿಸಿಕೊಂಡು, "ನಂಗೆ... ಒಂದಿನಾನಾರ... ಬೀಸವ್ರಾ ಕೇಳು" ಎಂದು ನಕ್ಕರು.

ಆ ಬೇಸಿಗೆ ಇನ್ವರ್ಟರ್ ಮತ್ತೆ ನಿಲ್ಲಲಿಲ್ಲ. ಮಳೆ ಬಿದ್ದು ತಂಪಾದ ಮೇಲೆ ಅಜ್ಜಿ ಹೋದರು. ಆಗಲೂ ಆಕ್ಸಿಜನ್ ಯಂತ್ರ ಓಡುತ್ತಿತ್ತು. ಆರಿಸಿದವರು ತಾತ.

ಮುಂದಿನ ಬೇಸಿಗೆಯಲ್ಲೂ ಬೀಸಣಿಗೆ ಹಿಡಿದು ಮಹಡಿ ಹತ್ತಿದರು. "ಈಗ್ಯಾಕೆ ತಾತ?" ಅಂದೆ.

"ಇಲ್ಲಿ ಕೂತ್ರೆ ಅವ್ಳು ಕೆಳಗವ್ಳೆ ಅನ್ಸುತ್ತೆ."

ಈ ಸಲ ಬೇಸಿಗೆ ಬರುವ ಮೊದಲೇ ತಾತನೂ ಹೋದರು. ಮೊನ್ನೆ ಮಧ್ಯಾಹ್ನ ಕರೆಂಟ್ ಹೋದಾಗ ಮಹಡಿಗೆ ಹೋದೆ. ಚಪ್ಪರದ ಗರಿ ಒಣಗಿ ಉದುರಿತ್ತು. ಸ್ಟೂಲ್ ಅಲ್ಲೇ ಇತ್ತು. ನನ್ನ ಅಂಗೈಗೆ ಬಿಸಿ ಚೆನ್ನಾಗಿಯೇ ತಿಳಿಯುತ್ತದೆ. ಆದರೂ ಬೆರಳು ಮಡಚಿ, ಕೈಯ ಹಿಂಬದಿಯನ್ನೇ ತಾಗಿಸಿದೆ.