ಮಾವನ ಬಾಯಿ ಕಟ್ಟಿದ ಎರಡು ವರ್ಷ

ನನ್ನ ಸೋದರಮಾವನ ಜೊತೆ ದೇವರ ವಿಷಯದಲ್ಲಿ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಗೆಲ್ಲುವ ಮಾತು ಹಾಗಿರಲಿ, ನಡುವೆ ಎದ್ದು ಮನೆ ಸೇರಿಕೊಂಡರೆ ಸಾಕಪ್ಪಾ ಅನಿಸಿಬಿಡುತ್ತಿತ್ತು. ಒಮ್ಮೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿದ ಮೇಲೆ ಆ ಕ್ಷೌರಿಕ, "ದೇವರು ಇದ್ದಿದ್ರೆ ಲೋಕ ಹೀಗ್ಯಾಕಿರ್ತಿತ್ತು ಸಾರ್?" ಎಂದು ಮಾತಿನ ನಡುವೆ ಕೇಳಿದ್ದಾನೆ. ಮಾವನ ಉತ್ತರ ಮುಗಿಯುವಷ್ಟರಲ್ಲಿ ಇನ್ನರ್ಧ ಮುಖದ ಸೋಪು ಒಣಗಿ ಹೋಗಿತ್ತಂತೆ. ಆಮೇಲೆ ಮಾವ ಅಂಗಡಿ ಹತ್ತಿದರೆ ಅವನು ಮೊದಲು ರೇಡಿಯೋ ಜೋರು ಮಾಡುತ್ತಿದ್ದ.

ಮಾವ ಶೂ ಮಾಡುವವರು. ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರಲ್ಲ, ಆ ಶೂ ಅಲ್ಲ. ಮೂಳೆ ಆಸ್ಪತ್ರೆಯ ಹಿಂಬದಿಯಲ್ಲಿ, ಎಕ್ಸ್‌ರೇ ಕೋಣೆ ದಾಟಿದರೆ ಒಂದು ಉದ್ದನೆಯ ಕೋಣೆ ಇದೆ. ಹುಟ್ಟಿನಿಂದ ಪಾದ ತಿರುಚಿಕೊಂಡ ಮಕ್ಕಳು, ಅಪಘಾತದಲ್ಲಿ ಒಂದು ಕಾಲು ಗಿಡ್ಡವಾದವರು, ಎಲ್ಲರೂ ಡಾಕ್ಟರ ಚೀಟಿ ಹಿಡಿದು ಅಲ್ಲಿಗೆ ಬರುತ್ತಾರೆ. ಕೋಣೆಯಲ್ಲಿ ಅಂಟಿನ ವಾಸನೆ, ಗೋಡೆಯ ತುಂಬ ಶೂ ಅಚ್ಚಿನ ಮರದ ಪಾದಗಳು, ಮೂಲೆಯಲ್ಲಿ ಅಡಿಭಾಗ ಉಜ್ಜುವ ಚಕ್ರ. ಕೆಲಸದ ಮೇಜು ಎರಡು. ಒಂದು ಮಾವನದು. ಇನ್ನೊಂದರಲ್ಲಿ ಕೂರುವವರು ಬೆನ್ನುನೋವಿನವರಿಗೆ ಸೊಂಟದ ಬೆಲ್ಟು ಹೊಲಿಯುತ್ತಾರೆ. ನಮಗೆಲ್ಲ ಅವರು ಬೆಲ್ಟಿನವರು. ದೇವರು ಗೀವರು ಒಂದನ್ನೂ ನಂಬದ ಆಸಾಮಿ. ಇಬ್ಬರೂ ಇಪ್ಪತ್ತು ವರ್ಷ ದಿನಾ ಕಿತ್ತಾಡಿದ್ದಾರೆ, ದಿನಾ ಒಟ್ಟಿಗೆ ಟೀ ಕುಡಿದಿದ್ದಾರೆ.

ವಾದಕ್ಕೆ ಮಾವ ಒಂದು ನೋಟ್‌ಪುಸ್ತಕವನ್ನೇ ಇಟ್ಟಿದ್ದರು. ಎಡಪುಟದಲ್ಲಿ ಜನ ಕೇಳಿದ ಪ್ರಶ್ನೆ, ಬಲಪುಟದಲ್ಲಿ ಉತ್ತರ, ಒಂದು ಎರಡು ಮೂರು ಎಂದು ಅಂಶವಾರು. ನಮ್ಮ ಚರ್ಚಿನ ಸಭೆಯ ಹುಡುಗರು ಕಾಲೇಜಿನಲ್ಲಿ ಯಾರ ಕೈಲಾದರೂ ಸೋತು ಬಂದರೆ ಮಾವನ ಹತ್ತಿರ ಓಡುತ್ತಿದ್ದರು. ನಮ್ಮ ಪಾದ್ರಿಯವರೂ ಒಂದೆರಡು ಸಲ ಕದ್ದುಮುಚ್ಚಿ ಬಂದದ್ದುಂಟು. ನಾನು ಮಾತ್ರ ಆ ಪುಸ್ತಕ ಕಂಡರೆ ಮೈಲು ದೂರ. ನನ್ನ ನಂಬಿಕೆ ಮೊದಲಿಂದಲೂ ಅಷ್ಟಕ್ಕಷ್ಟೆ. ಇರುವುದನ್ನು ಅಂಶವಾರು ಬಿಡಿಸಿದರೆ ಅದೂ ಉಳಿಯುವುದಿಲ್ಲವೇನೋ ಎಂದು ನನಗೆ ಭಯ.

ಹೀಗಿರುವಾಗ ಅಪ್ಪನಿಗೆ ಕಾಯಿಲೆ ಬಂತು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು, ಏಣಿ ಹತ್ತಿದರೆ ಹಾಡು ಹೇಳುತ್ತಿದ್ದವರು. ಮೂತ್ರಪಿಂಡ ಕೈಕೊಟ್ಟು ಹನ್ನೊಂದು ವಾರ ಹಾಸಿಗೆ ಹಿಡಿದರು. ಮಾವ ಸಭೆಯವರನ್ನೆಲ್ಲ ಸೇರಿಸಿ ಸರದಿಯ ಮೇಲೆ ಉಪವಾಸ ಪ್ರಾರ್ಥನೆ ನಡೆಸಿದರು. ಒಂದು ದಿನವೂ ತಪ್ಪಿಸಲಿಲ್ಲ. ಹತ್ತನೇ ವಾರ ಅಪ್ಪ ಒಂದು ಲೋಟ ಗಂಜಿ ಪೂರ್ತಿ ಕುಡಿದರು. ಮಾವ ಅಮ್ಮನ ಎರಡೂ ಕೈ ಹಿಡಿದು, "ದೇವರು ಕೇಳಿಸಿಕೊಂಡ ಅಕ್ಕ. ಭಾವ ಎದ್ದು ಬರ್ತಾರೆ, ಬರೆದಿಟ್ಕೋ" ಅಂದುಬಿಟ್ಟರು. ಅಮ್ಮ ಅದನ್ನು ಎದೆಯಲ್ಲೇ ಬರೆದಿಟ್ಟುಕೊಂಡಳು. ಏಳನೇ ದಿನಕ್ಕೆ ಅಪ್ಪ ತೀರಿಕೊಂಡರು.

ಮಣ್ಣು ಮಾಡಿ ಬಂದ ನಾಲ್ಕನೇ ದಿನ ಅಮ್ಮ ಗೋಡೆಗೊರಗಿ ಕೂತು ಮಾವನಿಗೆ, "ದೇವರು ಕೇಳಿಸ್ಕೊಳ್ಳಲೇ ಇಲ್ಲ ಕಣೋ" ಅಂದಳು. ಅದು ಪ್ರಶ್ನೆಯೇ ಅಲ್ಲ. ಯಾರಿಗೆ ಬೇಕಾದರೂ ಅದು ಗೊತ್ತಾಗುತ್ತಿತ್ತು, ನಮ್ಮ ಮಾವನೊಬ್ಬರನ್ನು ಬಿಟ್ಟು. ಗಂಟಲು ಸರಿಮಾಡಿಕೊಂಡು, "ಅಕ್ಕ, ಇದಕ್ಕೆ ನಾಲ್ಕು ಕಾರಣ ಇರಬಹುದು" ಎಂದು ಶುರು ಮಾಡಿದರು. ಮೂರನೆಯದರವರೆಗೂ ಅಮ್ಮ ಕೇಳಿಸಿಕೊಂಡಳು. ಆಮೇಲೆ ಎದ್ದು ಬಾಗಿಲು ತೆಗೆದು, "ನಾಲ್ಕನೇದನ್ನ ಬೀದೀಲಿ ನಿಂತು ಹೇಳ್ಕೋ. ನನ್ನ ಮನೆಗೆ ಇನ್ನು ಬರಬೇಡ" ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವ ಚಪ್ಪಲಿ ಮೆಟ್ಟಿಕೊಂಡು ಹೋದವರು ಮತ್ತೆ ಬರಲಿಲ್ಲ.

ಅಂದಿನಿಂದ ಅಮ್ಮ ತಮ್ಮನನ್ನೂ ಬಿಟ್ಟಳು, ಪ್ರಾರ್ಥನೆಯನ್ನೂ ಬಿಟ್ಟಳು. ಭಾನುವಾರ ಆರಾಧನೆಯ ಹೊತ್ತಿಗೆ ಸರಿಯಾಗಿ ಬಟ್ಟೆ ಒಗೆಯಲು ಕೂರುತ್ತಿದ್ದಳು. ಒಗೆದದ್ದನ್ನೇ ಒಗೆಯುತ್ತಿದ್ದಳು. ಪಾದ್ರಿಯವರು ಬಂದರೆ ಟೀ ಕೊಟ್ಟು, ಮಳೆ ಬಿಸಿಲಿನ ಮಾತಾಡಿ ಕಳಿಸುತ್ತಿದ್ದಳು. ನಾನು ಒಂದು ಸಲ ಬಾಯಿ ಹಾಕಲು ಹೋದೆ. "ನಿನ್ನ ಮಾವನ ಗಾಳಿ ನಿನಗೂ ಬಡೀತಾ?" ಅಂದಳು.

ಒಂದೂವರೆ ವರ್ಷ ಹೀಗೇ ಕಳೆಯಿತು. ಆಮೇಲೆ ಅಮ್ಮ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದು, ಪ್ಲೇಟು ಹಾಕಿ ಕೂಡಿಸಿದರು. ಕೂಡಿದ ಮೇಲೆ ನೋಡಿದರೆ ಎಡಗಾಲು ಹತ್ತಿರ ಹತ್ತಿರ ಒಂದಿಂಚು ಗಿಡ್ಡ. ಡಾಕ್ಟರು ಎತ್ತರದ ಶೂ ಬರೆದು ಕೊಟ್ಟರು. ಯಾರ ಹತ್ತಿರ ಹೋಗಬೇಕು ಅಂತ ಬೇರೆ ಹೇಳಬೇಕೆ?

"ಊರಲ್ಲಿ ಅವನೊಬ್ಬನೇನಾ ಶೂ ಹೊಲಿಯೋನು?" ಎಂದು ಅಮ್ಮ ಬೀದಿ ಬದಿಯವನ ಹತ್ತಿರ ಚಪ್ಪಲಿಗೆ ದಪ್ಪ ರಬ್ಬರು ಅಂಟಿಸಿಕೊಂಡಳು. ಅದು ಮೂರನೇ ವಾರಕ್ಕೆ ಕಿತ್ತು ಬಂತು, ಅಮ್ಮ ಅಡುಗೆಮನೆಯಲ್ಲಿ ಇನ್ನೊಮ್ಮೆ ಬಿದ್ದಳು. ಗೋಡೆ ಹಿಡಿದುಕೊಂಡು ಓಡಾಡುವುದನ್ನು ನೋಡಿ ನನಗೆ ರೇಗಿಹೋಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದು ಇವರ ಮನೆತನದ ಕಾಯಿಲೆ, ಅಕ್ಕನಿಗೂ ಅದೇ, ತಮ್ಮನಿಗೂ ಅದೇ. ಹೀಗೇ ಬಿಟ್ಟರೆ ಇನ್ನೊಂದು ಬದಿಯ ಸೊಂಟವೂ ಹೋಗುತ್ತದೆ ಎಂದು ಡಾಕ್ಟರು ಗದರಿದ ಮೇಲೆ ಅಮ್ಮ ಹೊರಟಳು. ಆಟೋದಲ್ಲಿ ಕೂತು, "ಹೋಗ್ತಿರೋದು ಶೂಗೆ, ಮಾತಿಗಲ್ಲ" ಎಂದು ನನಗೆ ಎರಡು ಸಲ ಹೇಳಿದಳು.

ನಮ್ಮನ್ನು ಕಂಡು ಮಾವ ಎದ್ದು ನಿಂತರು. ತಲೆ ಪೂರ್ತಿ ಬೆಳ್ಳಗಾಗಿತ್ತು. "ಬಾ ಅಕ್ಕ" ಅಂದರು, ಅಷ್ಟೆ. ಚೀಟಿ ಓದಿದರು. ಅಮ್ಮನನ್ನು ಗೋಡೆಯ ಕಂಬಿ ಹಿಡಿಸಿ ಬರಿಗಾಲಲ್ಲಿ ನಿಲ್ಲಿಸಿ, ತಾವು ನೆಲಕ್ಕೆ ಮಂಡಿಯೂರಿದರು.

ಅಳತೆ ತೆಗೆಯುವ ಕ್ರಮ ಹೀಗೆ. ಕಾಲಿಂಚು ದಪ್ಪದ ಸಣ್ಣ ಹಲಗೆಗಳಿರುತ್ತವೆ. ಗಿಡ್ಡ ಕಾಲಿನ ಕೆಳಗೆ ಒಂದೊಂದಾಗಿ ಇಡುತ್ತಾ ಹೋಗಬೇಕು. ಸೊಂಟ ಸಮವಾಯಿತೋ ಇಲ್ಲವೋ ಎಂದು ಶೂ ಮಾಡುವವರು ಕೈಯಿಟ್ಟು ನೋಡಬಹುದು. ಆದರೆ ಸಮ ಅನಿಸಿತು ಎಂದು ಹೇಳಬೇಕಾದವರು ನಿಂತವರೇ. ಬಹಳ ದಿನ ಕುಂಟಿದ ಮೈ ತನ್ನದೇ ಲೆಕ್ಕ ಹಿಡಿದಿರುತ್ತದಂತೆ. ಕೆಲಸ ಕಲಿಯಲು ಬಂದವರಿಗೆಲ್ಲ ಮಾವ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠವೇ ಅದು.

ಅಂಥ ಮಾವ ಅವತ್ತು ಪಾಠ ಮರೆತರು. ಬೇಗ ಮುಗಿಸಿಬಿಡಬೇಕು ಅನಿಸಿತ್ತೇನೋ. ಒಂದು, ಎರಡು, ಮೂರು ಹಲಗೆ ಇಟ್ಟು, "ಸರಿಯಾಯ್ತು, ಮುಕ್ಕಾಲಿಂಚು" ಅಂದುಬಿಟ್ಟರು.

"ನಿಂತಿರೋದು ನಾನೋ ನೀನೋ?" ಅಂದಳು ಅಮ್ಮ.

ಬೆಲ್ಟಿನವರ ಕತ್ತರಿ ನಿಂತಿತು. ಮಾವ ಅಮ್ಮನ ಸೊಂಟದಿಂದ ಕೈ ತೆಗೆದು ತಲೆ ತಗ್ಗಿಸಿದರು. "ನೀನೇ ಅಕ್ಕ. ನೀನೇ ಹೇಳು."

ಅಮ್ಮ ಬಿಟ್ಟಾಳೆಯೇ! "ಇನ್ನೊಂದು ಇಡು" ಅಂದಳು. ಇಟ್ಟರು. "ತೆಗಿ." ತೆಗೆದರು. "ಎರಡು ತೆಗಿ. ಮತ್ತೆ ಇಡು." ಐವತ್ತೆಂಟರ ಮಾವ, ಅವರಿಗೇ ಮಂಡಿನೋವು, ಇಪ್ಪತ್ತು ನಿಮಿಷ ನೆಲದ ಮೇಲೆ ಹಲಗೆ ಇಡುತ್ತಾ ತೆಗೆಯುತ್ತಾ, ಪ್ರತಿ ಸಲ "ಈಗ?" ಎಂದು ಮಾತ್ರ ಕೇಳುತ್ತಾ ಇದ್ದರು. ನನಗೆ ಮೊದಲು ನಗು ಬಂತು, ಆಮೇಲೆ ನೋಡಲಾಗದೆ ಗೋಡೆಯ ಮರದ ಪಾದಗಳ ಕಡೆ ತಿರುಗಿದೆ.

ಅಮ್ಮ ಗೋಡೆಯನ್ನೇ ನೋಡುತ್ತಾ, "ಭಾವ ಎದ್ದು ಬರ್ತಾರೆ, ಬರೆದಿಟ್ಕೋ ಅಂದ್ಯಲ್ಲ. ಯಾರು ಹೇಳಿದ್ರು ನಿನಗೆ?" ಅಂದಳು.

ಬಂತು, ಅಂಶ ಒಂದು, ಅಂಶ ಎರಡು ಅಂದುಕೊಂಡೆ.

"ಯಾರೂ ಹೇಳಿರ್ಲಿಲ್ಲ ಅಕ್ಕ. ನಾನೇ ಹೇಳ್ದೆ. ನನಗೆ ಭಯ ಆಗಿತ್ತು. ನನ್ನ ಆಸೆನ ದೇವರ ಹೆಸರಲ್ಲಿ ಹೇಳ್ಬಿಟ್ಟೆ."

"ಆಮೇಲೆ ನಾಲ್ಕು ಕಾರಣ ಹೇಳಕ್ಕೆ ಬಂದದ್ದು?"

"ಅದೂ ಭಯಕ್ಕೇ. ಉತ್ತರ ಇಲ್ಲ ಅಂದ್ರೆ ಎಲ್ಲಾ ಕುಸಿದು ಬೀಳುತ್ತೆ ಅಂತ. ಪ್ರಶ್ನೆ ಮಾತ್ರ ನೋಡ್ದೆ, ನಿನ್ನ ನೋಡ್ಲಿಲ್ಲ. ತಪ್ಪಾಯ್ತು."

"ಈಗ ಇದ್ಯಾ ಉತ್ತರ?"

"ಇಲ್ಲ. ಭಾವ ಯಾಕೆ ಹೋದ್ರು ಅಂತ ನನಗೆ ಗೊತ್ತಿಲ್ಲ."

"ಗೊತ್ತಿಲ್ದೆ ಪ್ರತಿ ಭಾನುವಾರ ಹೋಗಿ ಕೂರ್ತೀಯ?"

ಮಾವ ಕೈಯಲ್ಲಿದ್ದ ಹಲಗೆಯನ್ನು ನೆಲಕ್ಕಿಟ್ಟರು. "ಭಾವ ಹೋದ್ಮೇಲೆ ಎರಡು ತಿಂಗಳು ಪ್ರಾರ್ಥನೆಗೆ ಕೂತ್ರೆ ನಾಲಿಗೆ ಏಳ್ತಿರ್ಲಿಲ್ಲ ಅಕ್ಕ. ಬಿಟ್ಬಿಡೋಣ ಅಂತ ನಿಜವಾಗ್ಲೂ ನೋಡ್ದೆ. ಆದ್ರೆ ಒಂದು ಮಾತು ಬಿಡಕ್ಕಾಗ್ಲಿಲ್ಲ. ಯೇಸುನೂ ಸತ್ತ, ಅವನನ್ನೂ ತಗೊಂಡೋಗಿ ಮಲಗಿಸಿ ಕಲ್ಲು ಮುಚ್ಚಿದ್ರು, ಅವನ ತಾಯಿನೂ ನಿನ್ನ ಹಾಗೇ ಅತ್ತಿರ್ತಾಳೆ. ಆಮೇಲೆ ಅವನು ಎದ್ದ ಅನ್ನೋದು ಸುಳ್ಳಾದ್ರೆ, ನನ್ನ ಮಿಕ್ಕ ಉತ್ತರ ಎಲ್ಲಾ ಒಲೆಗೆ ಹಾಕು. ಅದು ನಿಜ ಆದ್ರೆ, ಮಿಕ್ಕ ಪ್ರಶ್ನೆ ಎಲ್ಲಾ ಕಾಯ್ತವೆ. ಅವನು ಎಬ್ಬಿಸೋ ತನಕ ಭಾವನೂ ಕಾಯ್ತಾರೆ. ಅಷ್ಟರ ಮೇಲೇ ಹೋಗ್ತಿದೀನಿ."

"ಅದು ಬರೀ ಅಭ್ಯಾಸ ಕಣೋ" ಅಂದಳು ಅಮ್ಮ.

"ಇರಬಹುದು" ಅಂದರು ಮಾವ.

ಇರಬಹುದು! ಹುಟ್ಟಿದಾಗಿನಿಂದ ಆ ಮನುಷ್ಯನ ಬಾಯಲ್ಲಿ ನಾನು ಆ ಪದ ಕೇಳಿರಲಿಲ್ಲ. ಬೆಲ್ಟಿನವರು ಕನ್ನಡಕ ತೆಗೆದು ಒರೆಸಿಕೊಳ್ಳಲು ಶುರು ಮಾಡಿದರು.

ಅಮ್ಮ ಇನ್ನೂ ಎರಡು ಸಲ ಹಲಗೆ ತೆಗೆಸಿ ಇಡಿಸಿದಳು. ಕೊನೆಗೆ ಕಂಬಿ ಬಿಟ್ಟು ನೆಟ್ಟಗೆ ನಿಂತು, "ಈಗ ಸಮ ಅನಿಸ್ತು" ಅಂದಳು. ನಾನು ಬಗ್ಗಿ ಎಣಿಸಿದೆ. ಮೂರು ಹಲಗೆ. ಮಾವ ಅದೇ ಮುಕ್ಕಾಲಿಂಚನ್ನು ಚೀಟಿಯಲ್ಲಿ ಬರೆದುಕೊಂಡರು. ಮೊದಲೇ ಹೇಳಿದ್ದೆನಲ್ಲ ಎಂದು ಹುಬ್ಬಿನಲ್ಲೂ ತೋರಿಸಲಿಲ್ಲ.

ಆಟೋ ಹತ್ತಿಸಲು ಬೆಲ್ಟಿನವರು ನಮ್ಮ ಜೊತೆ ಗೇಟಿನವರೆಗೆ ಬಂದರು. "ನೋಡಮ್ಮಾ, ಇವರ ದೇವರು ಇದಾನೋ ಇಲ್ವೋ ನನಗೆ ಗೊತ್ತಿಲ್ಲ. ವಾದದಲ್ಲಿ ಇಪ್ಪತ್ತು ವರ್ಷ ನಾನು ಒಂದಿಂಚು ಜರುಗಿಲ್ಲ. ಹೋದ ವರ್ಷ ನನ್ನ ಹೆಂಡತಿ ಮಲಗಿದಾಗ ಒಂದು ತಿಂಗಳು ನನ್ನ ಬೆಲ್ಟೆಲ್ಲಾ ಇವರೇ ಹೊಲಿದ್ರು. ದಿನಾ ಸಂಜೆ ಆಸ್ಪತ್ರೆಗೆ ಬಂದು ಪಕ್ಕದಲ್ಲಿ ಕೂರ್ತಿದ್ರು. ದೇವರ ಸುದ್ದೀನೇ ಎತ್ತಲಿಲ್ಲ. ಎತ್ತಿದ್ರೆ ಒಂದು ಕೈ ನೋಡ್ಕೊಳ್ಳೋಣ ಅಂತ ನಾನು ಕಾಯ್ತಾ ಇದ್ದೆ. ಆಗ ಸ್ವಲ್ಪ ಅಲ್ಲಾಡಿದೀನಿ. ಅವರಿಗೆ ಹೇಳ್ಬೇಡಿ, ತಲೆ ಮೇಲೆ ಕೂರ್ತಾರೆ" ಅಂದರು.

ಹದಿನೈದು ದಿನಕ್ಕೆ ಶೂ ಸಿದ್ಧವಾಯಿತು. ಯಾರಾದರೂ ಹೋಗಿ ತರಬಹುದಿತ್ತು. ಒಂದು ಶನಿವಾರ ಮಧ್ಯಾಹ್ನ ಮಾವನೇ ತಂದರು. ಹೊಸ್ತಿಲಾಚೆ ನಿಂತು, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ತಿರುಗಿದರು.

"ಬಿಸಿಲಲ್ಲಿ ಬಂದೋನು ಹಾಗೇ ಹೋಗ್ತೀಯಾ? ಒಳಗೆ ಬಾ" ಎಂದು ಅಡುಗೆಮನೆಯಿಂದ ಅಮ್ಮನ ದನಿ ಬಂತು.

ಅಮ್ಮ ಶೂ ಹಾಕಿಕೊಂಡು ಅಡುಗೆಮನೆಯಿಂದ ಬೀದಿ ಬಾಗಿಲಿನವರೆಗೆ, ಬಾಗಿಲಿನಿಂದ ಅಡುಗೆಮನೆಗೆ ನಾಲ್ಕು ಸಲ ನಡೆದಳು. ಗೋಡೆ ಮುಟ್ಟಲಿಲ್ಲ. ಚೆನ್ನಾಗಿದೆ ಅಂತಲೂ ಅನ್ನಲಿಲ್ಲ. ಮೂರು ತಟ್ಟೆ ಹಾಕಿದಳು. ಬಡಿಸಿ ಕೂತ ಮೇಲೆ ಮಾವ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಊಟಕ್ಕೂ ಕೈ ಹಾಕದೆ, ಕಣ್ಣೂ ಮುಚ್ಚದೆ.

"ಪ್ರಾರ್ಥನೆ ಮಾಡು. ಉದ್ದ ಮಾಡ್ಬೇಡ, ಆರಿ ಹೋಗುತ್ತೆ" ಅಂದಳು ಅಮ್ಮ.

ಮಾವ ಕಣ್ಣು ಮುಚ್ಚಿದರು. "ಪರಲೋಕದ ತಂದೆಯೇ, ಈ ಊಟಕ್ಕಾಗಿ, ಈ ಮನೆಗಾಗಿ..." ಎಂದು ಶುರು ಮಾಡಿದರು. "ಈ ಮನೆಯಲ್ಲಿ ನಮ್ಮ ಭಾವ..." ಎಂದವರು ಅಲ್ಲಿಗೇ ನಿಂತರು. ಕಾದೆವು. ನಾನು ಒಂದು ಕಣ್ಣು ತೆರೆದೆ. ಮಾವನ ತುಟಿ ಅಲುಗುತ್ತಿತ್ತು, ಕೆನ್ನೆ ಒದ್ದೆಯಾಗಿತ್ತು. ಊರಿಗೆಲ್ಲ ಮಾತು ಹಂಚಿದವರಿಗೆ ಅವತ್ತು ಒಂದು ಮಾತಿಗೂ ಗತಿಯಿರಲಿಲ್ಲ.

ಆಗ ಅಮ್ಮನ ದನಿ ಕೇಳಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಯಾರನ್ನೋ ಎದುರಿಗೆ ಕೂರಿಸಿಕೊಂಡು ಗದರಿಸುವವರ ಹಾಗೆ.

"ಇವನಿಗೆ ಆಗ್ತಿಲ್ಲ, ನಾನು ಹೇಳ್ತೀನಿ. ನಿನ್ನ ಮೇಲೆ ನನಗಿನ್ನೂ ಕೋಪ ಇದೆ, ಅದು ನಿನಗೂ ಗೊತ್ತು. ಅವರು ನಿನ್ನ ಹತ್ರ ಇದ್ರೆ ಚೆನ್ನಾಗಿ ನೋಡ್ಕೋ. ನನ್ನ ತಮ್ಮ ಊಟಕ್ಕೆ ಬಂದಿದಾನೆ, ಅದಕ್ಕೆ ಸ್ತೋತ್ರ. ಆಮೆನ್."

ನಾನೂ ಆಮೆನ್ ಅಂದೆ. ಮಾವನಿಗೆ ಅನ್ನಲು ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲಿಯವರೆಗೆ ಅಮ್ಮ ತಟ್ಟೆಗೆ ಕೈ ಹಾಕದೆ ಕಾದಳು.