ಗುರುವಾರದ ಚಹಾಕ್ಕೆ ಕರೆದ ಸೊಸೆ

ನನ್ನ ಓರಗಿತ್ತಿ ಇನೋಬತ್ ಒಳ್ಳೆಯವಳು ಎಂದು ನಮ್ಮ ಉಜ್ಬೆಕ್ ಊರು ಕೋಕಂದಿನಲ್ಲಿ ಎಲ್ಲರೂ ಹೇಳುತ್ತಾರೆ. ಮೂವತ್ತೊಂದು ವರ್ಷ ಒಂದೇ ಅಂಗಳದಲ್ಲಿ ಅವಳ ಜೊತೆ ಬಾಳಿದ ನನ್ನನ್ನು ಮಾತ್ರ ಯಾರೂ ಕೇಳಿಲ್ಲ. ಕೇಳಿದ್ದರೆ ಅವಳು ಒಳ್ಳೆಯವಳೆಂದೇ ನಾನೂ ಹೇಳುತ್ತಿದ್ದೆ, ಆದರೆ ಸ್ವಲ್ಪ ತಡಮಾಡಿ.

ಅವಳದು ಕುರ್ಪಚಾ ಹೊಲಿಯುವ ಕಸುಬು. ಹಗಲು ನೆಲಕ್ಕೆ ಹಾಸಿ ಕೂರಲು, ರಾತ್ರಿ ಮಲಗಲು ಬೇಕಾದ ಹತ್ತಿಯ ಹಾಸುಗೆ. ನಮ್ಮಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಈ ಹಾಸುಗೆಗಳನ್ನು ಸೂರು ಮುಟ್ಟುವಷ್ಟು ಪೇರಿಸಿ ಕೊಡಬೇಕು. ಪೇರಿದ್ದು ಗಿಡ್ಡವಾದರೆ ಬೀಗಿತ್ತಿಯ ಬಾಯಿ ಉದ್ದವಾಗುತ್ತದೆ. ಇನೋಬತ್ ಹತ್ತಿಯನ್ನು ಕೋಲಿನಿಂದ ಬಡಿದು, ಅಂಗೈಯಲ್ಲಿ ಹರವಿ ತುಂಬಿದ ಹಾಸುಗೆ ಹತ್ತು ವರ್ಷವಾದರೂ ಗಂಟು ಕಟ್ಟುವುದಿಲ್ಲ. ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ. ನಾನೂ ಇನ್ನು ಮೂವರು ಹೆಂಗಸರೂ ಅವಳ ಕೈಕೆಳಗೆ ಹೊಲಿಯುತ್ತೇವೆ.

ಏಳು ವರ್ಷದ ಹಿಂದೆ ಅವಳಿಗೊಂದು ಜ್ವರ ಬಂತು. ಹೋಗುವಾಗ ಅವಳ ಕಿವಿಯನ್ನೂ ಕರೆದುಕೊಂಡು ಹೋಯಿತು. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ, ಫೋನಿನಲ್ಲಿ ಏನೂ ಕೇಳಿಸದು. ಮಗಳು ಮನೆಯಲ್ಲಿ ಇರುವ ತನಕ ಅವಳೇ ಫೋನ್ ಎತ್ತುತ್ತಿದ್ದಳು. ಅವಳನ್ನು ಬುಖಾರಾಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ಫೋನ್ ಬಡಿದುಕೊಂಡು ತಾನೇ ಸುಮ್ಮನಾಗತೊಡಗಿತು. ನೀನು ಎತ್ತಬಾರದಿತ್ತೇ ಎಂದು ಕೇಳುತ್ತೀರಿ. ಎತ್ತಿದೆ. ನನ್ನ ನಾಲಿಗೆಯ ಹರಿತಕ್ಕೆ ಮೂವರು ಗಿರಾಕಿಗಳು ನೇರ ಕಾರ್ಖಾನೆ ಮಾಲಿನ ಅಂಗಡಿಗೆ ಹೋದರು. ಆಮೇಲೆ ಇನೋಬತ್ ನನ್ನನ್ನು ಫೋನಿನ ಹತ್ತಿರ ಬಿಡಲಿಲ್ಲ.

"ಈ ವರ್ಷ ನೋಡ್ತೀನಿ ಮಸ್ತುರಾ," ಎಂದಳು ಒಂದು ದಿನ. "ಆರ್ಡರ್ ಬರದಿದ್ರೆ ಹತ್ತಿ ಬಡಿಯೋ ಕೋಲು ಅಟ್ಟಕ್ಕೆ ಹಾಕಿಬಿಡೋಣ."

ಅಂಥ ಹೊತ್ತಿನಲ್ಲಿ ಜಾವ್ಲೋನ್ ಬಂದ. ಸಣ್ಣ ಕಸುಬಿನವರಿಗೆ ಕೃತಕ ಬುದ್ಧಿಮತ್ತೆ ಹಾಕಿಕೊಡಲು ಸರಕಾರ ನೆರವು ಕೊಡುತ್ತಿತ್ತಲ್ಲ, ಅದರ ಅಧಿಕಾರಿ. ಮೀಸೆ ಇನ್ನೂ ಸರಿಯಾಗಿ ಬಲಿತಿರದಿದ್ದರೂ ಕೈಚೀಲ ಮಂತ್ರಿಯದ್ದರ ಹಾಗಿತ್ತು. ರೊಟ್ಟಿ ತಟ್ಟೆಯಷ್ಟಗಲದ ಒಂದು ಪರದೆಯನ್ನು ಗೋಡೆಗೆ ತೂಗುಹಾಕಿ, ಅದಕ್ಕೆ ನಮ್ಮ ಫೋನ್ ಜೋಡಿಸಿದ. ಇನ್ನು ಫೋನ್ ಬಂದರೆ ಯಂತ್ರವೇ ಹೆಣ್ಣು ದನಿಯಲ್ಲಿ ಮಾತಾಡುತ್ತದೆ, ಆ ಕಡೆಯವರು ಹೇಳಿದ್ದನ್ನೆಲ್ಲ ದಪ್ಪ ಅಕ್ಷರದಲ್ಲಿ ಪರದೆಯ ಮೇಲೆ ಬರೆಯುತ್ತದೆ. ಇನೋಬತ್ ಓದಿಕೊಂಡರಾಯಿತು.

"ಒಂದೇ ಷರತ್ತು ಚಿಕ್ಕಮ್ಮಾ," ಎಂದ ಅವಳ ಎದುರು ನಿಂತು. "ಮೂರು ತಿಂಗಳಲ್ಲಿ ಇದರ ಮೂಲಕ ಇಪ್ಪತ್ತು ಆರ್ಡರ್ ಬಂದಿರ್ಬೇಕು. ಇಲ್ಲಾಂದ್ರೆ ಬಿಚ್ಕೊಂಡು ಹೋಗಿ ಇನ್ನೊಬ್ರಿಗೆ ಕೊಡ್ತೀವಿ."

ನಾವು ಯಂತ್ರಕ್ಕೆ ಸೊಸೆ ಎಂದು ಹೆಸರಿಟ್ಟೆವು. ಹೊಸದಾಗಿ ಬಂದಿದ್ದಳು, ಎದುರು ಮಾತಾಡುತ್ತಿರಲಿಲ್ಲ, ಗೋಡೆಗೆ ಅಂಟಿಕೊಂಡು ನಿಂತೇ ಇರುತ್ತಿದ್ದಳು. ಆದರೆ ಎಂಥ ಸೊಸೆ! ಫೋನ್ ಎತ್ತಿದ ಕೂಡಲೇ "ಸಲಾಂ. ಎಷ್ಟು ಹಾಸುಗೆ ಬೇಕು?" ಎನ್ನುತ್ತಿದ್ದಳು. ಆರೋಗ್ಯ ಕೇಳದೆ, ಮಕ್ಕಳನ್ನು ಕೇಳದೆ, ಅತ್ತೆಯ ಮಂಡಿನೋವು ವಿಚಾರಿಸದೆ ನೇರ ವ್ಯಾಪಾರಕ್ಕೆ ಇಳಿಯುವವರನ್ನು ನಮ್ಮ ಕೋಕಂದಿನಲ್ಲಿ ಯಾರು ಮಾತಾಡಿಸುತ್ತಾರೆ? ಜನ ಫೋನ್ ಇಟ್ಟುಬಿಟ್ಟರು. ಹಿಂದಿನ ಬೀದಿಯ ಹೆಂಗಸೊಬ್ಬಳು ತಲೆವಸ್ತ್ರ ಕಟ್ಟಿಕೊಳ್ಳುತ್ತಲೇ ಓಡಿ ಬಂದು, "ನಿಮ್ಮನೇಲಿ ಯಾರು ತೀರಿಹೋದ್ರು? ಫೋನಲ್ಲಿ ಅಷ್ಟು ಬಿಗಿಯಾಗಿ ಮಾತಾಡಿದ್ರಲ್ಲ," ಎಂದು ಅಳಲು ತಯಾರಾಗಿದ್ದಳು. ಮೂರು ತಿಂಗಳಿಗೆ ಒಂದು ವಾರವಷ್ಟೇ ಉಳಿದರೂ ಒಂದು ಆರ್ಡರೂ ಇಲ್ಲ.

ಕೊನೆಗೆ ಇನೋಬತ್ ತಾನೇ ಸೊಸೆಯ ಮುಂದೆ ಕುಳಿತು ಪಾಠ ಶುರುಮಾಡಿದಳು.

"ಮೊದ್ಲು ಆರೋಗ್ಯ ಕೇಳು. ಆಮೇಲೆ ಮಕ್ಕಳು, ಮೊಮ್ಮಕ್ಕಳು. ವಯಸ್ಸಾದವರಾದ್ರೆ ಮಂಡಿ. ಹಳ್ಳಿಯವರಾದ್ರೆ ಹಸು. ಚಹಾಕ್ಕೆ ಕರೀದೆ ಯಾರನ್ನೂ ಕಳಿಸ್ಬೇಡ, ತಿಳೀತಾ?"

"ಯಾವ ದಿನ ಕರೆಯಲಿ?" ಎಂದು ಸೊಸೆ ಪರದೆಯ ಮೇಲೆ ಬರೆದಳು.

ಇನೋಬತಳಿಗೆ ದಾರ ಪೋಣಿಸುವ ಅವಸರ. "ಗುರುವಾರ ಮಧ್ಯಾಹ್ನ ನನಗೆ ಬಿಡುವು," ಎಂದುಬಿಟ್ಟಳು.

ಇಲ್ಲೇ ಎಡವಟ್ಟಾಯಿತು. ನಮ್ಮಲ್ಲಿ ಬಾಗಿಲ ಮುಂದೆ ಹಾದು ಹೋಗುವ ಪೋಸ್ಟಿನವನನ್ನೂ "ಒಳಗೆ ಬನ್ನಿ, ಚಹಾ ಕುಡಿದು ಹೋಗಿ" ಎಂದು ಕರೆಯುತ್ತೇವೆ. ಅವನು ಎದೆಯ ಮೇಲೆ ಕೈಯಿಟ್ಟು "ಇನ್ನೊಮ್ಮೆ ಬರ್ತೀನಿ" ಎನ್ನುತ್ತಾನೆ. ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು. ಆದರೆ ದಿನ, ಹೊತ್ತು ಗೊತ್ತುಮಾಡಿ ಕರೆದರೆ ಅದು ನಿಜವಾದ ಕರೆ. ಹೋಗದಿದ್ದರೆ ಮುನಿಸು.

ಆ ವಾರ ಸೊಸೆ ಜೇನಾಗಿಬಿಟ್ಟಳು. ಜನ ಅವಳ ಜೊತೆ ಅರ್ಧ ಗಂಟೆ ಮಾತಾಡಿದರು. ಪರದೆಯ ತುಂಬ ಹೆಸರುಗಳು, ಒಂದೊಂದರ ಮುಂದೂ "ಚಹಾಕ್ಕೆ ಬರುತ್ತಾರೆ" ಎಂದು.

"ಅಕ್ಕಾ, ಇಷ್ಟೊಂದು ಜನ ಬರ್ತಾರಂತಲ್ಲ?" ಎಂದೆ.

"ಬರ್ತೀವಿ ಅಂದೋರೆಲ್ಲ ಬಂದಿದ್ರೆ ನಮ್ಮ ಹೊಸ್ತಿಲು ಎಂದೋ ಸವೆದು ಹೋಗ್ತಿತ್ತು," ಎಂದು ನಕ್ಕಳು. ಆರ್ಡರ್ ಎಲ್ಲಿ ಎಂದು ಹುಡುಕಿದಳು. ಒಂದೂ ಇರಲಿಲ್ಲ. ಮನೆಗೇ ಹೋಗುವಾಗ ಫೋನಿನಲ್ಲಿ ಯಾಕೆ ಹೇಳಬೇಕು ಎಂದುಕೊಂಡಿದ್ದರು ಎಲ್ಲರೂ. ಜಾವ್ಲೋನ್ ಲೆಕ್ಕ ನೋಡಲು ಬರುವ ದಿನವೂ ಅದೇ ಗುರುವಾರ.

ಮಧ್ಯಾಹ್ನ ಬಾಗಿಲು ಬಡಿಯಿತು. ಹೋಸಿಯತ್ ಅಜ್ಜಿ, ಇನೋಬತಳ ಹಳೆಯ ಗಿರಾಕಿ, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಇಬ್ಬರು. ಅವರ ಹಿಂದೆ ಒಂದು ವ್ಯಾನು. ಒಂದು ಗಂಟೆಯೊಳಗೆ ನಲವತ್ತೊಂದು ಜನ!

ಇನೋಬತಳ ಮುಖ ನೋಡಬೇಕಿತ್ತು. ನಾನು ನೋಡುತ್ತ ನಿಲ್ಲಲಿಲ್ಲ. ಪಕ್ಕದ ಮನೆಯಿಂದ ಮದುವೆಯ ಕಡಾಯಿ ಉರುಳಿಸಿಕೊಂಡು ಬಂದೆ. ನೆರೆಯವರು ಕರೆಯದೆಯೇ ಚಾಕು ಹಿಡಿದು ಬಂದು ಕ್ಯಾರೆಟ್ ಹೆಚ್ಚಲು ಕುಳಿತರು. ಪಲಾವಿಗೆ ಒಲೆ ಹತ್ತಿತು. ಕೂರಿಸುವುದೆಲ್ಲಿ? ಮಾರಲು ಇಟ್ಟಿದ್ದ ಹಾಸುಗೆಗಳನ್ನೆಲ್ಲ ದ್ರಾಕ್ಷಿ ಚಪ್ಪರದ ಕೆಳಗೆ ಬಿಚ್ಚಿ ಹಾಸಿದೆವು. ಕುಳಿತ ಹೆಂಗಸರು ಮೊದಲು ಮಾಡಿದ್ದು ಹಾಸುಗೆಯನ್ನು ಒತ್ತಿ ನೋಡುವ ಕೆಲಸ.

ಆಗ ಜಾವ್ಲೋನ್ ಬಂದ. "ಯಾರ ಮದುವೆ ಚಿಕ್ಕಮ್ಮಾ?" ಎನ್ನುತ್ತ ಪರದೆ ನೋಡಿದವನ ನಗು ಆರಿತು. "ಆರ್ಡರ್ ಸೊನ್ನೆ. ಚಹಾ ನಲವತ್ತೊಂದು. ನನ್ನ ಕಾಗದದಲ್ಲಿ ಚಹಾಕ್ಕೆ ಜಾಗ ಇಲ್ವಲ್ಲ ಚಿಕ್ಕಮ್ಮಾ."

ಇನೋಬತ್ ಅವನ ತುಟಿ ಓದಿದಳು. ಗೋಡೆಯ ಹತ್ತಿರ ಹೋಗಿ ಪರದೆಯ ಧೂಳನ್ನು ತಲೆವಸ್ತ್ರದ ತುದಿಯಿಂದ ಒರೆಸಿದಳು, ಕೊಟ್ಟು ಕಳಿಸುವ ಮೊದಲು ಮಗಳ ಮುಖ ಒರೆಸಿದ ಹಾಗೆ. ಅಷ್ಟು ದಿನ ಸೊಸೆಯನ್ನು ಹಾಸ್ಯ ಮಾಡುತ್ತಿದ್ದವಳು ನಾನೇ. ಆದರೆ ಕೋಲು ಅಟ್ಟಕ್ಕೆ ಹೋದರೆ ಇನೋಬತ್ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಸೌಟು ಎತ್ತಿ ಕೂಗಿದೆ: "ಕೇಳ್ರೇ! ಹಾಸುಗೆ ಕೇಳೋಕೆ ಬಂದೋರು ಯಾರ್ಯಾರು? ಬಾಯಲ್ಲಿ ಹೇಳ್ಬೇಡಿ. ಫೋನ್ ಮಾಡಿ, ನಮ್ಮ ಸೊಸೆಗೆ ಹೇಳಿ!"

"ಮೂರು ಮಾರು ದೂರದಿಂದ ಫೋನಾ?" ಎಂದು ಯಾರೋ ನಕ್ಕರು.

ಜಾವ್ಲೋನ್ ತನ್ನ ಕಾಗದವನ್ನು ತಿರುವಿ ತಿರುವಿ ನೋಡಿದ. "ಆರ್ಡರ್ ನಿಜದ್ದಾಗಿರ್ಬೇಕು ಅಂತಿದೆ. ಎಲ್ಲಿಂದ ಫೋನ್ ಮಾಡ್ಬೇಕು ಅಂತ ಬರೆದಿಲ್ಲ," ಎಂದು ಪಲಾವಿನ ಹತ್ತಿರ ಜಾಗ ಹಿಡಿದು ಕುಳಿತ.

ಚಪ್ಪರದ ಕೆಳಗೆ ಫೋನುಗಳು ಎದ್ದವು. ಸೊಸೆ ಒಬ್ಬೊಬ್ಬರಿಗೂ ಆರೋಗ್ಯ ಕೇಳಿದಳು, ಮಂಡಿ ಕೇಳಿದಳು, ಹಸು ಕೇಳಿದಳು. ಅವರೂ ಬಿಡದೆ ಉತ್ತರ ಹೇಳಿದರು. ಪಕ್ಕದಲ್ಲೇ ಕುಳಿತವರಿಗೆ ಗೊತ್ತಿರದ ಸಂಗತಿಗಳೆಲ್ಲ ಹೊರಬಿದ್ದವು. ಕೊನೆಗೆ ಸೊಸೆ ಎಲ್ಲರನ್ನೂ ಮುಂದಿನ ಗುರುವಾರ ಚಹಾಕ್ಕೆ ಕರೆದಳು. ಚಹಾದ ಬಟ್ಟಲು ಕೈಯಲ್ಲಿ ಹಿಡಿದೇ ಅವರು "ಬರ್ತೀವಿ" ಎಂದರು.

ಹೋಸಿಯತ್ ಅಜ್ಜಿಯ ಸರದಿ ಬಂತು. "ಹಾಸುಗೆ ಹನ್ನೆರಡು ಬರ್ಕೋ, ನೀಲಿ ಅಂಚು," ಎಂದಳು. ಆಮೇಲೆ ದನಿ ಇಳಿಸಿ, "ನಿಮ್ಮತ್ತೆಗೆ ಒಂದು ಮಾತು ಹೇಳಮ್ಮ. ನಾನು ಫೋನ್ ಮಾಡೋದು ಬಿಟ್ಟಿದ್ದು ಮುನಿಸಿಗಲ್ಲ. ಕಿವಿ ಹೋದ ಹೊಸದ್ರಲ್ಲಿ ನಾನು ಕಿರುಚೋದು, ಅವಳು ಏನು ಏನು ಅನ್ನೋದು, ಅವಳಿಗೆ ನಾಚಿಕೆ ಆಗ್ತಿತ್ತು, ನನಗೆ ಅಳು ಬರ್ತಿತ್ತು. ಅದಕ್ಕೇ ಬಿಟ್ಟೆ. ಮೊದ್ಲು ಶುಕ್ರವಾರಕ್ಕೊಮ್ಮೆ ತಪ್ಪದೆ ಮಾತಾಡ್ತಿದ್ವಿ, ಇಷ್ಟು ವರ್ಷ ಅವಳ ದನಿ ಇಲ್ದೆ ನನಗೆ ಶುಕ್ರವಾರ ಬಂತು ಅಂತಲೇ ಅನ್ನಿಸ್ಲಿಲ್ಲ."

ದಪ್ಪ ಅಕ್ಷರಗಳು ಪರದೆಯ ಮೇಲೆ ಒಂದೊಂದಾಗಿ ಬಂದವು. ಇನೋಬತ್ ಕೊನೆಯವರೆಗೂ ಓದಿದಳು. ಆಮೇಲೆ ಅಂಗಳ ದಾಟಿ ಹೋಗಿ ಅಜ್ಜಿಯ ಪಕ್ಕ ಕುಳಿತು, ಅವಳ ಕೈಯ ಫೋನನ್ನು ಮೆಲ್ಲಗೆ ಇಳಿಸಿ, ಆ ಕೈಯನ್ನು ಹಿಡಿದುಕೊಂಡಳು. ನಾನು ಈರುಳ್ಳಿಯ ಮೇಲೆ ತಪ್ಪು ಹೊರಿಸಿ ಕಣ್ಣೊರೆಸಿಕೊಂಡೆ.

ಇಪ್ಪತ್ತಾರು ಆರ್ಡರ್ ಆದವು. ಜಾವ್ಲೋನ್ ಎರಡನೇ ತಟ್ಟೆ ಮುಗಿಸಿ ಸಹಿ ಹಾಕಿದ. ಹೊರಡುವಾಗ ಇನೋಬತಳ ಎದುರು ನಿಂತು, "ಆ ಗುರುವಾರದ ಚಹಾ ತೆಗೆದುಹಾಕ್ಲಾ ಚಿಕ್ಕಮ್ಮಾ? ಎರಡೇ ನಿಮಿಷದ ಕೆಲಸ," ಎಂದ.

"ಮುಟ್ಟಬೇಡ," ಎಂದಳು ಇನೋಬತ್. "ಏಳು ವರ್ಷ ನಾನು ಎಲ್ಲರ ತುಟಿ ನೋಡ್ಕೊಂಡು ಕೂತಿದ್ದೆ, ಯಾರೂ ಬರ್ತಿರ್ಲಿಲ್ಲ. ಅವಳು ಕರೀತಾಳೆ, ಕರೀಲಿ ಬಿಡು."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಓರಗಿತ್ತಿಗೆ ಯಾವ ಕಾಲವೂ ಇದ್ದಂತಿಲ್ಲ. ಈಗ ಪ್ರತಿ ಗುರುವಾರ ಸೊಸೆ ಕರೆಯುತ್ತಾಳೆ, ಅತ್ತೆ ಬಡಿಸುತ್ತಾಳೆ, ಬೆಳಿಗ್ಗೆ ಎದ್ದು ಕ್ಯಾರೆಟ್ ಹೆಚ್ಚುವವಳು ನಾನು.